ದನದ ಉಣ್ಣೆ ಕಿತ್ತು ಲ್ಯಾಬಿಗೆ ಕಳಿಸುವುದು ಹೇಗೆ?

ಲ್ಯಾಬಿಗೆ ಬರುವ ಎಷ್ಟೋ ಉಣ್ಣೆಗಳಿಗೆ (ದನದ ಮೈಗೆ ಕಚ್ಚಿ ರಕ್ತ ಹೀರುವ ಉಣ್ಣಿಗಳಿಗೆ) ಬಾಯೇ ಇರುವುದಿಲ್ಲ. ಅದು ದನದ ಚರ್ಮದಲ್ಲೇ ಉಳಿದುಹೋಗಿರುತ್ತದೆ. ಆದರೆ ಉಣ್ಣೆಯ ಜಾತಿ ಗುರುತಿಸಲು ಬಾಯಿ ಬಹಳ ಮುಖ್ಯ. ಹಯಲೋಮಾ ಎಂಬ ಉಣ್ಣೆ ಸಿಕ್ಕರೆ ಥೈಲೇರಿಯಾ, ರಿಪಿಸೆಫಾಲಸ್ ಮೈಕ್ರೋಪ್ಲಸ್ ಎಂಬ ಉಣ್ಣೆ ಸಿಕ್ಕರೆ ಬಬೇಸಿಯಾ, ಹೀಗೆ ದನದ ರಕ್ತದಲ್ಲಿ ಯಾವ ರೋಗಾಣು ಹುಡುಕಬೇಕೆಂಬ ದಾರಿ ತಿಳಿಯುತ್ತದೆ.

1. ಔಷಧಿ ಹೊಡೆಯುವ ಮುಂಚೆಯೇ ಉಣ್ಣೆ ಆರಿಸಿ. ಕೈಗವಸು ಬೇಕೇ ಬೇಕು. ಕಿವಿಯೊಳಗೆ, ಗಂಗೆದೊಗಲು, ಕೆಚ್ಚಲು, ಬಾಲದ ಬುಡ ನೋಡಿ.

2. ಈಗ ಕೀಳುವುದು. ಉಣ್ಣೆಯ ಬಾಯಿಯಲ್ಲಿ ಹಿಂದಕ್ಕೆ ಬಾಗಿದ ಮುಳ್ಳುಗಳಿರುತ್ತವೆ. ಎಷ್ಟೋ ಜಾತಿಗಳು ಅಂಟನ್ನೂ ಸುರಿಸಿ ಗಟ್ಟಿಯಾಗಿ ಕೂರುತ್ತವೆ. ಹೊಟ್ಟೆ ಹಿಡಿದು ಎಳೆದರೆ ಹರಿಯದೆ ಇನ್ನೇನು? ಕೂದಲು ಸರಿಸಿ, ಸಣ್ಣ ಮೂತಿಯ ಚಿಮಟದಿಂದ ಚರ್ಮಕ್ಕೆ ತಾಗುವಂತೆ ತಲೆಯ ಬುಡ ಹಿಡಿಯಿರಿ. ತಿರುಚಬೇಡಿ, ಜಗ್ಗಬೇಡಿ. ಒಂದೇ ಸಮ ನೇರವಾಗಿ ಮೇಲಕ್ಕೆ ಎಳೆಯುತ್ತಿರಿ. ಚರ್ಮ ಗುಡ್ಡದಂತೆ ಮೇಲೇಳುತ್ತದೆ. ಆಗಲೂ ಅವಸರ ಬೇಡ, ತಾನಾಗಿ ಬಿಡುತ್ತದೆ. ಹುಬ್ಬು ಕೀಳುವ ಅಗಲ ಮೂತಿಯ ಅಗ್ಗದ ಚಿಮಟ ಹೊಟ್ಟೆ ಹಿಸುಕುತ್ತದೆ, ಅದು ಬೇಡ. ಸೀಮೆಎಣ್ಣೆ, ಬೆಂಕಿಕಡ್ಡಿ ಅಂತೂ ಬೇಡವೇ ಬೇಡ. ಉಣ್ಣೆ ಕೆರಳಿ ಒಳಗಿನ ರಸವನ್ನು ಗಾಯಕ್ಕೇ ಕಕ್ಕಬಹುದು.

3. ಎಲ್ಲರೂ ರಕ್ತ ಕುಡಿದು ಉಬ್ಬಿದ್ದನ್ನೇ ಕೀಳುತ್ತಾರೆ. ಕಣ್ಣಿಗೆ ಬೀಳುವುದು ಅದೇ ಅಲ್ವಾ? ಆದರೆ ಚಪ್ಪಟೆಯಾದ ಗಂಡು ಉಣ್ಣೆಯ ಜಾತಿ ಹೇಳುವುದು ಸುಲಭ, ಅದನ್ನೂ ಹುಡುಕಿ. ಇನ್ನೊಂದು ಮಾತು: ಉಬ್ಬಿದ ಉಣ್ಣೆಯಲ್ಲಿ ರೋಗಾಣು ಸಿಕ್ಕ ಮಾತ್ರಕ್ಕೆ ಆ ಉಣ್ಣೆಯೇ ರೋಗ ಹರಡುತ್ತದೆ ಎಂದರ್ಥವಲ್ಲ. ಆಗತಾನೇ ಕುಡಿದ ದನದ ರಕ್ತದಿಂದಲೂ ಅದು ಬಂದಿರಬಹುದು. ಹರಡುವುದನ್ನು ಪ್ರಯೋಗ ಮಾಡಿಯೇ ತೋರಿಸಬೇಕು. ಅಮೆರಿಕದ ವಿಜ್ಞಾನಿಗಳಾದ ಸ್ಮಿತ್ ಮತ್ತು ಕಿಲ್ಬೋರ್ನ್ ಹಾಗೇ ಮಾಡಿದ್ದರು. ಉಣ್ಣೆ ಕಿತ್ತ ದನಗಳನ್ನೂ ಕೀಳದವನ್ನೂ ಬೇರೆ ಬೇರೆ ಆವರಣಗಳಲ್ಲಿ ಆರೋಗ್ಯವಂತ ದನಗಳ ಜೊತೆ ಬಿಟ್ಟು ನೋಡಿ, ಟೆಕ್ಸಾಸ್ ಜ್ವರ (ಬಬೇಸಿಯಾದಿಂದ ದನಕ್ಕೆ ಬರುವ ರೋಗ) ಹರಡುವುದು ಉಣ್ಣೆಯಿಂದ ಎಂದು 1893ರಲ್ಲಿ ಪ್ರಕಟಿಸಿದರು.

4. ಕಿತ್ತ ಉಣ್ಣೆಯನ್ನು 70% ಎಥನಾಲ್‌ಗೆ (ಸ್ಪಿರಿಟ್‌ಗೆ) ಹಾಕಿ. ಒಂದು ದನಕ್ಕೆ ಒಂದು ಬಾಟಲಿ. ಫಾರ್ಮಲಿನ್ ಬೇಡ, ಡಿಎನ್‌ಎ ಹಾಳಾಗುತ್ತದೆ. ದಿನಾಂಕ, ಊರು, ದನದ ಗುರುತು, ಮೈಯ ಯಾವ ಭಾಗ ಎಂದು ಪೆನ್ಸಿಲ್‌ನಲ್ಲೇ ಚೀಟಿ ಬರೆದು ಬಾಟಲಿಯೊಳಗೇ ಹಾಕಿ. ಪೆನ್ನಿನ ಶಾಯಿ ಸ್ಪಿರಿಟ್‌ನಲ್ಲಿ ಕರಗುತ್ತದೆ.

5. ದನಕ್ಕೆ ಜ್ವರ ಇದ್ದರೆ ಉಣ್ಣೆಯೊಂದೇ ಸಾಲದು. ಚಿಕಿತ್ಸೆ ಶುರುವಾಗುವ ಮುಂಚೆಯೇ ಪಶುವೈದ್ಯರಿಂದ ರಕ್ತ ತೆಗೆಸಿ, ಅದನ್ನೂ ಜೊತೆಗೆ ಕಳಿಸಿ.