ಮೊದಲು ಹಾಡು, ಆಮೇಲೆ ಟ್ರಂಪೆಟ್

ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ನಾನು ಜಾಝ್ ಟ್ರಂಪೆಟ್ ಕಲಿಸುತ್ತೇನೆ. ವಾರದ ಕೊನೆಗೆ ಕ್ಲಬ್ಬುಗಳಲ್ಲಿ ನುಡಿಸುತ್ತೇನೆ. ಎರಡರಲ್ಲಿ ಒಂದನ್ನೂ ಬಿಡಬಾರದು ಅಂತ ಶುರುವಿನಲ್ಲೇ ತೀರ್ಮಾನಿಸಿದ್ದೆ. ಜನರ ಎದುರು ನುಡಿಸುವುದನ್ನು ನಿಲ್ಲಿಸಿದ ಮೇಷ್ಟ್ರ ಪಾಠದಲ್ಲಿ ಮೆಲ್ಲಗೆ ಜೀವ ಕಡಿಮೆಯಾಗುತ್ತದೆ, ಇದು ನನ್ನ ಗಟ್ಟಿ ನಂಬಿಕೆ.

ಟ್ರಂಪೆಟ್ ಕೈಗೆ ಬಂದದ್ದು ಮೈಸೂರಿನಲ್ಲಿ, ಶಾಲೆಯ ಬ್ಯಾಂಡಿನಲ್ಲಿ. ದಸರಾಕ್ಕೆ ಬರುವ ಪೊಲೀಸ್ ಬ್ಯಾಂಡ್ ಕೇಳಿ ಹಿಡಿದ ಹುಚ್ಚು ಅದು. ಆಮೇಲೆ ಓದಿಗೆ ಟೆಕ್ಸಸ್ಸಿನ ಡೆಂಟನ್‌ಗೆ ಹೋದೆ. ಅಲ್ಲಿನ ನಾರ್ತ್ ಟೆಕ್ಸಸ್ ವಿಶ್ವವಿದ್ಯಾಲಯ 1947ರಲ್ಲೇ ಜಾಝ್‌ಗೆ ಪದವಿ ಶುರು ಮಾಡಿತ್ತು, ಅಮೆರಿಕದಲ್ಲಿ ಅದೇ ಮೊದಲು. ಆಗ ಜಾಝ್ ಅಂದರೆ ಕಾಲೇಜುಗಳಲ್ಲಿ ಮೂಗು ಮುರಿಯುತ್ತಿದ್ದರು. ಹಾಗಾಗಿ ಪದವಿಗೆ ಇಟ್ಟ ಹೆಸರು 'ಡಾನ್ಸ್ ಬ್ಯಾಂಡ್'. ಅಲ್ಲಿ ಬ್ಯಾಂಡುಗಳಿಗೆ ತಾಲೀಮಿನ ಹೊತ್ತೇ ಹೆಸರು. ಎಲ್ಲರ ಕಣ್ಣೂ ಮಧ್ಯಾಹ್ನ ಒಂದು ಗಂಟೆಗೆ ಸೇರುವ ಬ್ಯಾಂಡಿನ ಮೇಲೆ, ಅಂದರೆ ಒನ್ ಓ ಕ್ಲಾಕ್ ಲ್ಯಾಬ್ ಬ್ಯಾಂಡ್.

ಟ್ರಂಪೆಟ್‌ಗೆ ಇರುವುದು ಮೂರೇ ವಾಲ್ವ್, ಅಂದರೆ ಬೆರಳಿನಿಂದ ಒತ್ತುವ ಗುಂಡಿಗಳು. ಬೆರಳು ಕೊಳವೆಯ ಉದ್ದ ಬದಲಿಸುತ್ತದೆ ಅಷ್ಟೇ, ಮಿಕ್ಕಿದ್ದೆಲ್ಲ ತುಟಿ ಮತ್ತು ಉಸಿರಿನ ಕೆಲಸ. ಯಾವ ವಾಲ್ವನ್ನೂ ಒತ್ತದೆ ಹಲವು ಸ್ವರ ಬರುತ್ತವೆ. ಬೇಕಾದ ಸ್ವರ ತಲೆಯಲ್ಲಿ ಮೊದಲೇ ಕೇಳಿಸದಿದ್ದರೆ ತುಟಿ ಪಕ್ಕದ ಸ್ವರಕ್ಕೆ ಜಾರುತ್ತದೆ. ಅದಕ್ಕೇ ನನ್ನ ಬೆಳಿಗ್ಗೆ ಉದ್ದ ಸ್ವರಗಳಿಂದ ಶುರು, ತೀರಾ ಮೆಲ್ಲಗೆ. ಆಮೇಲೆ ವಾಲ್ವ್ ಮುಟ್ಟದೆ ತುಟಿಯಿಂದಲೇ ಸ್ವರ ಬದಲಿಸುವ ಅಭ್ಯಾಸ. ನುಡಿಸಿದಷ್ಟೇ ಹೊತ್ತು ತುಟಿಗೆ ಬಿಡುವು ಕೊಡುತ್ತೇನೆ.

ತರಗತಿಯಲ್ಲೂ ಕಿವಿಯೇ ಮುಂದೆ. ಮೊದಲ ವರ್ಷದವರಿಗೆ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 1959ರಲ್ಲಿ 'ಸೋ ವಾಟ್' ಎಂಬ ಕೃತಿಯಲ್ಲಿ ನುಡಿಸಿದ ಸೋಲೋ (ಒಬ್ಬರೇ ಮುಂದೆ ನಿಂತು ನುಡಿಸುವ ಭಾಗ) ಕೊಡುತ್ತೇನೆ. ಸ್ವರಲಿಪಿ ಕೊಡುವುದಿಲ್ಲ, ಬರೆದುಕೊಳ್ಳಲೂ ಬಿಡುವುದಿಲ್ಲ. 32 ಬಾರ್‌ಗಳ ಎರಡೇ ಸುತ್ತು. ಬಾರ್ ಅಂದರೆ ಇಲ್ಲಿ ನಾಲ್ಕು ಎಣಿಕೆಯ ಒಂದು ಆವರ್ತ. ಸ್ವರ ಕಡಿಮೆ, ಮೌನ ಜಾಸ್ತಿ. 16 ಬಾರ್ ಡಿ ಸ್ವರವನ್ನು ಆಧಾರ ಮಾಡಿಕೊಂಡ ಡೋರಿಯನ್ ಸ್ವರಶ್ರೇಣಿ, 8 ಬಾರ್ ಅರ್ಧ ಸ್ವರ ಮೇಲೆ, ಮತ್ತೆ 8 ಬಾರ್ ಡಿ. ಡೋರಿಯನ್ ಅಂದರೆ ಸ್ವರಗಳ ಮಟ್ಟಿಗೆ ನಮ್ಮ ಖರಹರಪ್ರಿಯ ರಾಗವೇ. ಗಮಕ ಇಲ್ಲ, ನಡೆ ಬೇರೆ, ಅದು ಬೇರೆ ಮಾತು.

ಮೊನ್ನೆ ಒಬ್ಬ ಹುಡುಗಿ ಬಂದವಳೇ ಟ್ರಂಪೆಟ್ ಎತ್ತಿದಳು. "ಕೆಳಗಿಡಮ್ಮ, ಮೊದಲು ಹಾಡು" ಅಂದೆ. ಸ್ವರ ಒಂದೂ ತಪ್ಪಲಿಲ್ಲ. ಆದರೆ ಮೈಲ್ಸ್ ತಾಳಕ್ಕೆ ಸ್ವಲ್ಪ ಹಿಂದೆ ಬೀಳುವ ಕಡೆಯೆಲ್ಲ ಇವಳು ಮುಂದೆ ಓಡುತ್ತಿದ್ದಳು. ಎರಡನೇ ಮತ್ತು ನಾಲ್ಕನೇ ಎಣಿಕೆಗೆ ಚಪ್ಪಾಳೆ ಹಾಕುತ್ತಾ ಹೋದೆ. ಹಾಡುತ್ತಾ ಹಾಡುತ್ತಾ ಅವಳ ಭುಜ ಸಡಿಲವಾಯಿತು, ಸಾಲುಗಳ ನಡುವೆ ಸುಮ್ನೆ ಕಾಯುವುದು ಬಂತು. ಆಮೇಲೆ ಟ್ರಂಪೆಟ್ ಎತ್ತಿದಾಗ ನಾದವೇ ಬೇರೆಯಾಗಿತ್ತು. ಚಿಕ್ಕಂದಿನಲ್ಲಿ ನಮ್ಮ ಸಂಗೀತ ಮೇಷ್ಟ್ರೂ ಪುಸ್ತಕ ಮುಚ್ಚಿಸಿಯೇ ಹೇಳಿಕೊಡುತ್ತಿದ್ದರು. ನನಗೆ ದಾರಿ ತೋರಿಸಿದ್ದು ಆ ಪದ್ಧತಿಯೇ.

ಪರೀಕ್ಷೆಯ ದಿನ ರೆಕಾರ್ಡಿನ ಜೊತೆಗೇ ನುಡಿಸಬೇಕು. ಮೈಲ್ಸ್ ಉಸಿರು ತೆಗೆದುಕೊಳ್ಳುವ ಕಡೆಯೇ ಇವರೂ ಉಸಿರು ತೆಗೆದುಕೊಳ್ಳಬೇಕು. ಆಮೇಲೆ ರೆಕಾರ್ಡ್ ನಿಲ್ಲಿಸಿ, ತಮ್ಮದೇ ಒಂದು ಸುತ್ತು ನುಡಿಸಬೇಕು. ಜಾಸ್ತಿ ಅಂಕ ಅದಕ್ಕೇ.

ಈ ಕೆಲಸದಲ್ಲಿ ನನಗೆ ಮಾದರಿ ಡೊನಾಲ್ಡ್ ಬರ್ಡ್. ಜಾಝ್ ಡ್ರಮ್ಮರ್ ಆರ್ಟ್ ಬ್ಲೇಕಿಯ ಬ್ಯಾಂಡಿನಲ್ಲಿ ನುಡಿಸಿ ಹೆಸರಾದ ಟ್ರಂಪೆಟ್ ವಾದಕ. ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಕಲಿಸುವಾಗ, 1973ರ ಹೊತ್ತಿಗೆ, ತಮ್ಮ ವಿದ್ಯಾರ್ಥಿಗಳನ್ನೇ ಸೇರಿಸಿ ಬ್ಲ್ಯಾಕ್‌ಬರ್ಡ್ಸ್ ಎಂಬ ಬ್ಯಾಂಡ್ ಕಟ್ಟಿದರು. ಆ ಹುಡುಗರ ಹಾಡುಗಳು ದೇಶವೆಲ್ಲ ಓಡಾಡಿದವು. ನಾನೂ ಮೂರನೇ ವರ್ಷದ ಹೊತ್ತಿಗೆ ತಯಾರಾದವರನ್ನು ಕ್ಲಬ್ಬಿಗೆ ಕರೆದೊಯ್ಯುತ್ತೇನೆ. ಮೊದಲ ಸೆಟ್‌ನಲ್ಲಿ ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತೇನೆ, ಎರಡನೆಯದರಲ್ಲಿ ಸೋಲೋ ಕೊಡುತ್ತೇನೆ. ಬಂದ ಹಣ ಎಲ್ಲರಿಗೂ ಸಮಪಾಲು, ವಿದ್ಯಾರ್ಥಿಗೂ ಅಷ್ಟೇ.