ಹೊಂಗೆ ಎಣ್ಣೆ, ಮೆಥನಾಲ್, ನಮ್ಮ ಪಂಪ್‌ಸೆಟ್ – ನನ್ನ ಅನುಭವ

ಹಾಸನದ ಹತ್ರ ಮಡೆನೂರಲ್ಲಿ ಕೃಷಿ ವಿವಿಯವರ ಜೈವಿಕ ಇಂಧನ ಪಾರ್ಕ್ ಇದ್ಯಲ್ಲ, ಅಲ್ಲಿ ಒಂದ್ಸಲ ನೋಡ್ಕೊಂಡ್ ಬಂದವನಿಗೆ ನಾನೂ ಬಯೋಡೀಸೆಲ್ ಮಾಡಿ ಒಂದ್ ಕೈ ನೋಡೇಬಿಡೋಣ ಅನ್ನಿಸ್ತು. ಬದುವಲ್ಲಿ ಹೊಂಗೆ ಮರ ಇದ್ವು, ಗಾಣಕ್ಕೆ ಹಾಕಿದ್ರೆ ನಾಲ್ಕು ಕೆಜಿ ಬೀಜಕ್ಕೆ ಹೆಚ್ಚುಕಮ್ಮಿ ಒಂದು ಲೀಟರ್ ಎಣ್ಣೆ, ಹಿಂಡಿ ತೆಂಗಿನ ಬುಡಕ್ಕೆ.

ಎಣ್ಣೆನ ಹಾಗೇ ಇಂಜಿನ್‌ಗೆ ಹಾಕಿದ್ರೆ ಮಂದ ಜಾಸ್ತಿ, ಇಂಜೆಕ್ಟರ್ ಕಟ್ಕೊಳ್ಳುತ್ತೆ. ಮೆಥನಾಲ್ ಅಂದ್ರೆ ಕುಡಿಯೋಕಾಗದ ಒಂಥರಾ ವಿಷದ ಸ್ಪಿರಿಟ್, ಅದು ಎಣ್ಣೆಯೊಳಗಿನ ಗ್ಲಿಸರಿನ್ನ ಹೊರಗೆ ತಳ್ಳಿ ಆ ಜಾಗದಲ್ಲಿ ತಾನು ಸೇರ್ಕೊಳ್ಳುತ್ತೆ, ಆಗ ಎಣ್ಣೆ ತೆಳ್ಳಗಾಗುತ್ತೆ, ಅದೇ ಬಯೋಡೀಸೆಲ್.

ಮೊದಲನೇ ಸಲ 20 ಲೀಟರ್ ಎಣ್ಣೆಗೆ 4 ಲೀಟರ್ ಮೆಥನಾಲ್, ಕ್ರಿಯೆ ಬೇಗ ಆಗ್ಲಿ ಅಂತ ಅದರಲ್ಲಿ ಕಾಸ್ಟಿಕ್ ಸೋಡ ಕರಗಿಸಿ ಹಾಕ್ದೆ. ಅರ್ಧ ಗಂಟೇಲಿ ಡ್ರಮ್ಮಲ್ಲಿ ರಾಗಿ ಅಂಬಲಿ ಥರ ಗಟ್ಟಿಯಾಗಿ ಕೂತ್ಬಿಡ್ತು. ಅವ್ವ ಬಂದು ನೋಡಿ "ಡೀಸೆಲ್ ಮಾಡ್ತೀನಿ ಅಂತ ಸೋಪ್ ಕಾಸಿದ್ಯೇನ್ಲಾ" ಅಂದ್ರು, ನಿಜವಾಗ್ಲೂ ಅದು ಸೋಪೇ ಆಗಿತ್ತು. ಮಳೇಲಿ ನೆಂದ ಬೀಜದ ಎಣ್ಣೇಲಿ ಆಸಿಡ್ ಅಂಶ ಜಾಸ್ತಿ ಇರುತ್ತೆ, ಸೋಡ ಎಲ್ಲಾ ಅದಕ್ಕೇ ಹೋಗುತ್ತೆ. ಈಗ ಮೊದ್ಲು ಟೈಟ್ರೇಷನ್, ಅಂದ್ರೆ ಎಣ್ಣೇಲಿ ಆಸಿಡ್ ಎಷ್ಟಿದೆ ಅಂತ ಅಳೆಯೋ ಪರೀಕ್ಷೆ, ಮಾಡಿ ನೋಡ್ತೀನಿ, ಆಸಿಡ್ ಎರಡು ಪರ್ಸೆಂಟ್ ದಾಟಿದ್ರೆ ಸ್ವಲ್ಪ ಸಲ್ಫ್ಯೂರಿಕ್ ಆಸಿಡ್ ಮತ್ತೆ ಮೆಥನಾಲ್ ಹಾಕಿ ಎಣ್ಣೆಯ ಆಸಿಡ್ ಇಳಿಸೋಕೆ ಒಂದ್ ಸುತ್ತು ಮುಗಿಸಿ, ಆಮೇಲಷ್ಟೇ ಸೋಡ.

ಇನ್ನು ಬೆಂಕಿ ವಿಷಯ. ಮೆಥನಾಲ್ 65 ಡಿಗ್ರಿಗೇ ಕುದಿಯುತ್ತೆ, ಅದಕ್ಕೆ ಎಣ್ಣೆ ಜೊತೆ ಕಾಸುವಾಗ 60 ದಾಟಿಸಲ್ಲ. ಹೊತ್ಕೊಂಡ್ರೆ ಹಗಲಲ್ಲಿ ಜ್ವಾಲೆ ಕಣ್ಣಿಗೇ ಕಾಣಲ್ಲ ಮಾರಾಯ್ರೆ, ಒಂದಿನ ಚೆಲ್ಲಿದ್ದ ಜಾಗದ ಮೇಲೆ ಗಾಳಿ ಬಿಸಿಲಲ್ಲಿ ನಡುಗ್ದಂಗೆ ಕಾಣ್ತು ಅಂತ ಕೈ ಹತ್ರ ತಗೊಂಡ್ ಹೋದೆ, ಮುಂಗೈ ಕೂದ್ಲೆಲ್ಲಾ ಸುಟ್ಟೋಯ್ತು. ಅವತ್ತೇ ಗ್ಯಾಸ್ ಒಲೆ ಎತ್ತಿಟ್ಟೆ, ಈಗ ಕರೆಂಟ್ ಹೀಟರ್, ಅದೂ ಬಯಲಲ್ಲಿ. ಕ್ಯಾನ್ ಮೇಲೆ ಕೆಂಪು ಪೇಂಟಲ್ಲಿ 'ವಿಷ' ಅಂತ ಬರ್ದು ಬೀಗ ಹಾಕಿದೀನಿ. 1981ರಲ್ಲಿ ಬೆಂಗಳೂರಲ್ಲಿ ಮೆಥನಾಲ್ ಬೆರೆಸಿದ ಸಾರಾಯಿ ಕುಡ್ದು 300ಕ್ಕೂ ಹೆಚ್ಚು ಜನ ಸತ್ತಿದ್ರು, ವಾಸನೇಲಿ ಕುಡಿಯೋ ಸ್ಪಿರಿಟ್‌ಗೂ ಇದಕ್ಕೂ ವ್ಯತ್ಯಾಸ ಗೊತ್ತಾಗಲ್ಲ.

ದುಡ್ಡು ಉಳಿಯೋದು ಎಲ್ಲಿ ಅಂದ್ರೆ, ನೂರು ಲೀಟರ್ ಎಣ್ಣೆಗೆ ಇಪ್ಪತ್ತು ಲೀಟರ್ ಮೆಥನಾಲ್ ಹಾಕಿದ್ರೂ ಅದ್ರಲ್ಲಿ ನಿಜವಾಗಿ ಸೇರ್ಕೊಳ್ಳೋದು ಹನ್ನೆರಡೋ ಹದಿಮೂರೋ ಲೀಟರ್, ಮಿಕ್ಕಿದ್ದು ಕ್ರಿಯೆ ವಾಪಸ್ ತಿರುಗದೇ ಇರ್ಲಿ ಅಂತ ಹಾಕೋದು. ಆ ಮಿಕ್ಕಿದ್ದನ್ನ ಆವಿ ಮಾಡಿ ತಾಮ್ರದ ಸುರುಳಿ ಪೈಪಲ್ಲಿ ತಣ್ಣಗೆ ಮಾಡಿ ಹಿಡಿದ್ರೆ ಮುಂದಿನ ಬ್ಯಾಚ್‌ಗೆ ಬರುತ್ತೆ, ಆದ್ರೆ ನೀರು ಸೇರಿರಬಾರ್ದು, ಸೇರಿದ್ರೆ ಮತ್ತೆ ಸೋಪೇ. ಕೆಳಗೆ ಕೂತ ಗ್ಲಿಸರಿನ್‌ನಲ್ಲೂ ಮೆಥನಾಲ್ ಇರುತ್ತೆ, ದನ ಮೂತಿ ಇಡೋ ಕಡೆ ಬಿಡ್ಬೇಡಿ.

ಕೊನೇಗೆ ಬಯೋಡೀಸೆಲ್‌ನ ಬಿಸಿನೀರಲ್ಲಿ ನಿಧಾನಕ್ಕೆ ತೊಳೀಬೇಕು, ಜೋರಾಗಿ ಕಲಕಿದ್ರೆ ಮಜ್ಜಿಗೆ ಆಗುತ್ತೆ. ಡೀಸೆಲ್‌ಗೆ ಐದರಲ್ಲೊಂದು ಪಾಲು ಬೆರೆಸಿ ಪಂಪ್‌ಸೆಟ್‌ಗೆ ಹಾಕ್ದೆ, ಹೊಗೆ ಕಮ್ಮಿಯಾಯ್ತು, ಟ್ಯಾಂಕಲ್ಲಿದ್ದ ಹಳೇ ಗಸಿ ಎಲ್ಲಾ ಕಿತ್ಕೊಂಡ್ ಬಂದು ಎರಡು ವಾರದಲ್ಲಿ ಎರಡು ಫಿಲ್ಟರ್ ಕಟ್ಕೊಂಡ್ವು, ರಬ್ಬರ್ ಪೈಪೂ ಮೆತ್ತಗಾಗಿ ಬದಲಾಯಿಸ್ಬೇಕಾಯ್ತು.