ಗಣಿ ಪಕ್ಕದ ಹಳ್ಳದ ನೀರು: ಬಾಟಲಿ ತುಂಬುವ ಮುನ್ನ

ಜೋರು ಮಳೆ ಬಿದ್ದ ಮರುದಿನ ಬಳ್ಳಾರಿಯ ಕಬ್ಬಿಣದ ಗಣಿಗಳಿರುವ ಸಂಡೂರು ಕಡೆಯ ಹಳ್ಳಗಳು ಕೆಂಪು ರಾಡಿಯಾಗಿ ಹರಿಯುತ್ತವೆ. ಆಗ ಯಾರಾದರೂ ಒಬ್ಬರು ಬಾಟಲಿ ತುಂಬಿ ತಂದು 'ನೋಡಿ ಸಾರ್, ಗಣಿ ನೀರು' ಎಂದು ಮೇಜಿನ ಮೇಲೆ ಇಡುತ್ತಾರೆ. ಎಲ್ಲಿ ತುಂಬಿದ್ದು? ಎಷ್ಟು ಹೊತ್ತಿಗೆ? ಗೊತ್ತಿಲ್ಲ. ಮುಚ್ಚಳ ತೆಗೆದು ಮೂಸಿದರೆ ಮಾವಿನ ಜ್ಯೂಸಿನ ವಾಸನೆ. ಇಂಥ ನೀರಿನಿಂದ ಏನೂ ಸಾಬೀತಾಗುವುದಿಲ್ಲ.

ಕಲ್ಲಿದ್ದಲು ಗಣಿಗಳ ಬಗ್ಗೆ ಓದಿದವರು ಬಂದ ಕೂಡಲೇ ಆಮ್ಲ ಹುಡುಕುತ್ತಾರೆ. ಅಲ್ಲಿ ಕಲ್ಲಿದ್ದಲಿನ ಜೊತೆ ಗಂಧಕವಿರುವ ಪೈರೈಟ್ ಎಂಬ ಖನಿಜ ಇರುತ್ತದೆ. ಅದಕ್ಕೆ ಗಾಳಿ, ನೀರು ತಗುಲಿದರೆ ಸಲ್ಫ್ಯೂರಿಕ್ ಆಮ್ಲ ಹುಟ್ಟುತ್ತದೆ. ನಮ್ಮದು ಹೆಮಟೈಟ್ ಎಂಬ ಕಬ್ಬಿಣದ ಅದಿರು, ಆಗಲೇ ತುಕ್ಕು ಹಿಡಿದ ಕಬ್ಬಿಣ ಅಂದುಕೊಳ್ಳಿ. ಇಲ್ಲಿನ ದೊಡ್ಡ ತಲೆನೋವು ನೀರಲ್ಲಿ ತೇಲುವ ನುಣ್ಣನೆ ಪುಡಿ. ಪಿಎಚ್ (ನೀರು ಎಷ್ಟು ಆಮ್ಲ ಎಂಬ ಅಳತೆ) ನೋಡಿ ಬರೆದಿಡಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ.

ಜಾಗ ಕನಿಷ್ಠ ಎರಡು ಬೇಕು. ಗಣಿ ನೀರು ಸೇರುವುದಕ್ಕಿಂತ ಮೇಲೆ ಒಂದು, ಸೇರಿದ ಮೇಲೆ ಕೆಳಗೆ ಒಂದು. ಮೇಲಿನ ಬಾಟಲಿ ಇಲ್ಲದಿದ್ದರೆ 'ಮಳೆಗಾಲದಲ್ಲಿ ಎಲ್ಲ ಹಳ್ಳವೂ ಕೆಂಪೇ ಅಲ್ವಾ' ಎಂದು ಕೇಳಿದವರಿಗೆ ಹೇಳಲು ನಿಮ್ಮ ಬಳಿ ಉತ್ತರವಿರುವುದಿಲ್ಲ. ನೀರು ಕೂಡಿದ ಜಾಗದಲ್ಲೇ ಬಾಟಲಿ ಮುಳುಗಿಸುವುದೂ ತಪ್ಪು. ಅಲ್ಲಿ ಕೆಂಪು ಪಟ್ಟಿ ಒಂದೇ ದಡಕ್ಕೆ ಅಂಟಿಕೊಂಡು ಹರಿಯುತ್ತದೆ. ಎರಡೂ ದಡದ ಬಣ್ಣ ಒಂದೇ ಆಗುವವರೆಗೆ ಕೆಳಗೆ ನಡೆಯಿರಿ. ನಡುವೆ ಬೇರೆ ಹಳ್ಳ ಸೇರಿರಬಾರದು.

ಜನ ಎಡವುವುದು ಬಾಟಲಿ ತುಂಬುವಾಗ. ಮೊದಲು ಕೆಳಗಿನ ಜಾಗದ ನೀರು ಹಿಡಿಯಿರಿ, ಆಮೇಲೆ ಮೇಲಿನದು. ಇಲ್ಲದಿದ್ದರೆ ನೀವೇ ಎಬ್ಬಿಸಿದ ಹೂಳು ನಿಮಗಿಂತ ಮುಂಚೆ ಕೆಳಗೆ ಹೋಗಿರುತ್ತದೆ. ಹರಿವಿಗೆ ಎದುರಾಗಿ ನಿಲ್ಲಿ. ಅದೇ ನೀರಲ್ಲಿ ಬಾಟಲಿಯನ್ನು ಮೂರು ಸಲ ಗಲಬರಿಸಿ, ಆ ನೀರನ್ನು ಬೆನ್ನ ಹಿಂದೆ ಚೆಲ್ಲಿ. ಬಾಯಿ ಕೆಳಗೆ ಮಾಡಿ ಒಂದು ಗೇಣು ಮುಳುಗಿಸಿ, ಒಳಗೇ ಹರಿವಿನ ಕಡೆ ತಿರುಗಿಸಿ. ತಳ ತಾಗಿತೋ, ಚೆಲ್ಲಿ ಮತ್ತೆ ಹಿಡಿಯಿರಿ. ಕಬ್ಬಿಣದ ಪರೀಕ್ಷೆಗೆ ಲ್ಯಾಬಿನವರು ಕೊಡುವ ಬಾಟಲಿಯಲ್ಲಿ ನೈಟ್ರಿಕ್ ಆಮ್ಲದ ಹನಿಗಳಿರುತ್ತವೆ. ಅದನ್ನು ಮಾತ್ರ ತೊಳೆಯಬಾರದು, ನೀರಲ್ಲಿ ಮುಳುಗಿಸಲೂಬಾರದು. ಬೇರೆ ಬಾಟಲಿಯಿಂದ ಸುರಿಯಿರಿ, ಕೈಗೆ ಗ್ಲೌಸ್ ಇರಲಿ. ನೀರು ಸೋಸಿದ್ದೋ ಇಲ್ಲವೋ ಎಂದು ಚೀಟಿಯಲ್ಲಿ ಬರೆಯಿರಿ. ಸೋಸದ ನೀರಿಗೆ ಆಮ್ಲ ಬಿದ್ದರೆ ಮಣ್ಣಿನೊಳಗಿನ ಕಬ್ಬಿಣವೂ ಕರಗಿ ಲೆಕ್ಕಕ್ಕೆ ಬರುತ್ತದೆ. ಚೀಟಿ ಕೈ ಒದ್ದೆಯಾಗುವ ಮೊದಲೇ ಅಂಟಿಸಿ, ಪೆನ್ಸಿಲ್ಲಿನಲ್ಲಿ ಬರೆಯಿರಿ.

ಪೆನ್ನಿನಂಥ ಟಿಡಿಎಸ್ ಮೀಟರ್ ಇಲ್ಲಿ ಸುಮ್ನೆ ದಂಡ. ಅದು ಕರಗಿದ ಉಪ್ಪನ್ನು ಮಾತ್ರ ಅಂದಾಜು ಮಾಡುತ್ತದೆ, ತೇಲುವ ಮಣ್ಣು ಅದಕ್ಕೆ ಕಾಣುವುದೇ ಇಲ್ಲ. ನಾನೂ ಒಮ್ಮೆ ಕೆಂಪು ನೀರಿಗೆ ಇಳಿಸಿದ್ದೆ. ನಮ್ಮ ಬೋರ್‌ವೆಲ್‌ಗಿಂತ ಕಡಿಮೆ ತೋರಿಸಿತು! ಆ ದುಡ್ಡಿಗೆ ಬಗ್ಗಡ ಅಳೆಯುವ ಟರ್ಬಿಡಿಟಿ ಟ್ಯೂಬ್ ಕೊಳ್ಳಿ. ಉದ್ದದ ಕೊಳವೆ, ತಳದಲ್ಲಿ ಕಪ್ಪು-ಬಿಳಿ ಗುರುತು. ಗುರುತು ಮಾಯವಾಗುವವರೆಗೆ ನೀರು ಸುರಿದು ಅಳತೆ ಓದಿದರಾಯಿತು.

ಲ್ಯಾಬಿನ ವರದಿ ಓದುವಾಗ ಎರಡು ಮಿತಿ ಬೆರೆಸಬೇಡಿ. ನದಿ-ಹಳ್ಳಕ್ಕೆ ಬಿಡುವ ತ್ಯಾಜ್ಯ ನೀರಿನಲ್ಲಿ ತೇಲುವ ಕಣ ಲೀಟರಿಗೆ 100 ಮಿಲಿಗ್ರಾಂ ಮೀರಬಾರದು ಎಂಬುದು ಸಾಮಾನ್ಯ ನಿಯಮ. ಅದು ಹೊರಬೀಳುವ ಕಾಲುವೆಯ ಬಾಯಿಗೆ ಅನ್ವಯ. ಕುಡಿಯುವ ನೀರಿನ ಬಗ್ಗಡಕ್ಕೆ ಮಿತಿ 1 ಎನ್‌ಟಿಯು (ಬಗ್ಗಡ ಅಳೆಯುವ ಮಾನ), ಬೇರೆ ನೀರೇ ಇಲ್ಲದಿದ್ದರೆ 5.

ಒಂದು ಸಲದ ಅಳತೆ ಸಾಲದು. ಬೇಸಿಗೆ ಕೊನೆಗೆ, ಮೊದಲ ದೊಡ್ಡ ಮಳೆಗೆ, ಮಳೆಗಾಲ ಮುಗಿದ ಮೇಲೆ, ಪ್ರತಿ ವರ್ಷ ಅದೇ ಜಾಗದಲ್ಲಿ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತಲ್ಲ, ಅದಕ್ಕೆ ಮುಂಚಿನ ಮೂರು ವರ್ಷದ ಲೆಕ್ಕ ಇಟ್ಟವರಿಗೆ ಆಮೇಲಿನ ಬದಲಾವಣೆ ತೋರಿಸುವುದು ಎಷ್ಟು ಸುಲಭ ನೋಡಿ.

ತುಂಬಿದ ಬಾಟಲಿ ಮರುದಿನದೊಳಗೆ ಲ್ಯಾಬ್ ಸೇರಬೇಕು, ತಂಪಾಗಿ. ಥರ್ಮೋಕೋಲ್ ಡಬ್ಬ, ಎರಡು ಪೊಟ್ಟಣ ಐಸ್ ಸಾಕು. ಬಸ್ಸಿನಲ್ಲಿ ಮಾತ್ರ ಇಂಜಿನ್ ಪಕ್ಕ ಇಡಬೇಡಿ.